ನಾವು ನೋಡದ ಗೋಲು

ನಮ್ಮ ಊರಿನ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆಯುವುದೊಂದು ಬಿಟ್ಟು ಉಳಿದೆಲ್ಲ ಬರುತ್ತಿತ್ತು. ಓಡುತ್ತಿದ್ದರು, ಬೀಳುತ್ತಿದ್ದರು, ಬಿದ್ದಲ್ಲೇ ಹೊರಳಾಡಿ ರೆಫರಿಯ ಮನಸ್ಸು ಕರಗಿಸಲು ನೋಡುತ್ತಿದ್ದರು. ಆಟ ಮುಗಿದ ಮೇಲೆ ಮಿರ್ಚಿ ಭಜಿ ತಿನ್ನುವುದರಲ್ಲಂತೂ ಸುತ್ತಲಿನ ಯಾವ ಊರಿನವರೂ ಅವರ ಮುಂದೆ ನಿಲ್ಲುತ್ತಿರಲಿಲ್ಲ. ಚೆಂಡು ಮಾತ್ರ ಎದುರಿನ ಬಲೆಯೊಳಗೆ ಹೋಗುತ್ತಿರಲಿಲ್ಲ. ಒಂದು ಸೀಸನ್ ಪೂರ್ತಿ ಹೀಗೆ ಕಳೆದು, ಎರಡನೆಯದೂ ಅರ್ಧಕ್ಕೆ ಬಂದಿತ್ತು.

ನಮ್ಮ ಶಹಾಬಾದಿಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಹೊರಗಿನವರು ಕೇಳುತ್ತಾರೆ. ರೈಲಿನವರು ತಂದರು ಎಂದು ಕೆಲವರು, ಫ್ಯಾಕ್ಟರಿಯವರು ತಂದರು ಎಂದು ಕೆಲವರು. ನನ್ನ ಅಭಿಪ್ರಾಯ ಬೇರೆ. ನಮ್ಮಲ್ಲಿ ಪಿಚ್ ಮಾಡಲು ಮಣ್ಣಿಲ್ಲ, ಎಲ್ಲಿ ಅಗೆದರೂ ಕಲ್ಲು. ಕ್ರಿಕೆಟ್ ಚೆಂಡು ಹಾಕಿದರೆ ಅದು ಪುಟಿದು ನೇರ ಬ್ಯಾಟ್ಸ್‌ಮನ್ನನ ಹಲ್ಲಿಗೆ ಬರುತ್ತದೆ. ಹಲ್ಲು ಉಳಿಸಿಕೊಳ್ಳುವ ಆಸೆಯಿಂದ ನಮ್ಮ ಹಿರಿಯರು ದೊಡ್ಡ ಚೆಂಡಿಗೆ ಬಂದರು. ಹಾಗೆ ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲೂ ಒಂದೊಂದು ತಂಡ ಹುಟ್ಟಿಕೊಂಡು, ಚಳಿಗಾಲದ ಭಾನುವಾರಗಳಲ್ಲಿ ಒಬ್ಬರ ಊರಿಗೆ ಒಬ್ಬರು ಹೋಗಿ ಆಡುವ ರೂಢಿಯಾಯಿತು. ಉಳಿದವರು ಆಡುತ್ತಿದ್ದರು, ನಾವು ಸೋಲುತ್ತಿದ್ದೆವು.

ನಾವು ಎಂದರೆ ಆಟಗಾರರಲ್ಲ, ಫರಶಿಯವರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮೈದಾನ ಹಳೆಯ ಕಲ್ಲಿನ ಗಣಿಯೊಂದನ್ನು ತುಂಬಿ ಸಮ ಮಾಡಿದ್ದು. ಅದರ ಒಂದು ಬದಿಗೆ ರೈಲು ಹಳಿ. ಹಳಿಗೂ ಮೈದಾನಕ್ಕೂ ನಡುವಿನ ಜಾಗದಲ್ಲಿ ಎರಡೆರಡು ಗುಂಡುಗಲ್ಲಿನ ಮೇಲೆ ಒಂದೊಂದು ಫರಶಿ ಇಟ್ಟುಕೊಂಡು ನಾವು ಕೂಡುತ್ತೇವೆ. ಫರಶಿ ಎಂದರೆ ನೆಲಕ್ಕೆ ಹಾಸುವ ನಮ್ಮೂರಿನ ಬೂದುಬಣ್ಣದ ಕಲ್ಲು. ಒಬ್ಬನ ಫರಶಿಯ ಮೇಲೆ ಇನ್ನೊಬ್ಬ ಕೂಡುವುದಿಲ್ಲ. ನನ್ನದು ನಮ್ಮ ಮನೆ ಕಟ್ಟುವಾಗ ಅಡುಗೆಮನೆಗೆಂದು ತಂದ ರಾಶಿಯಿಂದ ಆರಿಸಿದ್ದು, ನುಣ್ಣಗಿನ ಚಂದದ ಕಲ್ಲು. ಅದರ ಬದಲು ಅಡುಗೆಮನೆಯ ಆ ಮೂಲೆಗೆ ಸಿಮೆಂಟು ಬಳಿಸಿದೆ. ಆ ಮೂಲೆಯಲ್ಲಿ ಇವತ್ತಿಗೂ ನೀರು ನಿಲ್ಲುತ್ತದೆ, ನೀರು ನಿಂತಾಗಲೆಲ್ಲ ನನ್ನ ಹೆಂಡತಿ ನನ್ನ ಫುಟ್‌ಬಾಲ್ ಪ್ರೇಮವನ್ನು ನೆನೆಯುತ್ತಾಳೆ.

ಫರಶಿಯವರದೊಂದು ಪದ್ಧತಿಯಿದೆ. ತಂಡದ ಮೇಲೆ ಸಿಟ್ಟು ಬಂದರೆ ನಾವು ಬಯ್ಯುವುದಿಲ್ಲ, ಕಲ್ಲು ಎಸೆಯುವುದಿಲ್ಲ, ಮನೆಗೂ ಹೋಗುವುದಿಲ್ಲ. ಕೂತಲ್ಲೇ ತಿರುಗಿ, ಮೈದಾನಕ್ಕೆ ಬೆನ್ನು ಮಾಡಿ, ಹಳಿಯ ಕಡೆ ಮುಖ ಮಾಡಿ ಕೂಡುತ್ತೇವೆ. ಒಮ್ಮೆ ತಿರುಗಿದವನು ಕೊನೆಯ ಸೀಟಿ ಊದುವವರೆಗೆ ಮತ್ತೆ ಈಚೆ ತಿರುಗುವಂತಿಲ್ಲ, ಕತ್ತು ಹೊರಳಿಸುವಂತೆಯೂ ಇಲ್ಲ. ಇದನ್ನು ಶುರು ಮಾಡಿದವರು ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಸಾಹೇಬರು. ಅವರು ನೌಕರಿಯುದ್ದಕ್ಕೂ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಹಿಂದೆ ಸರಿಯುವ ಊರುಗಳನ್ನು ನೋಡಿದವರಾದ್ದರಿಂದ ಅವರಿಗೆ ಅದು ಸಹಜವಾಗಿಯೇ ಬಂತು. ನಮಗೂ ರೂಢಿಯಾಯಿತು. ಬರಬರುತ್ತ ನಾವು ಕಿವಿಯಲ್ಲೇ ಆಟ ನೋಡಲು ಕಲಿತೆವು. ಧಪ್ ಎಂದರೆ ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಹೊಡೆದದ್ದು, ಠಪ್ ಎಂದರೆ ನಮ್ಮವನ ಹೊಟ್ಟೆಗೆ ಬಡಿದದ್ದು, ಎದುರು ಬದಿಯಿಂದ ಕುಣಿತದ ಗದ್ದಲ ಬಂದರೆ ನಮಗೆ ಗೋಲಾದದ್ದು. ನಾವು ಗೋಲು ಹೊಡೆದರೆ ಹೇಗೆ ಕೇಳುತ್ತದೆ ಎನ್ನುವುದು ಮಾತ್ರ ಯಾರಿಗೂ ನೆನಪಿರಲಿಲ್ಲ.

ಈ ಸ್ಥಿತಿಯಲ್ಲಿ ತಂಡದ ಅಧ್ಯಕ್ಷರು ಚಾದಂಗಡಿಗೆ ಬಂದು ಹೊಸ ಸುದ್ದಿ ಹೇಳಿದರು. ಅಧ್ಯಕ್ಷರಿಗೆ ಲಾರಿಗಳಿವೆ, ಜೊತೆಗೆ ಯಾವ ವಿಷಯದಲ್ಲೂ ಸಂಶಯವಿಲ್ಲದ ಸ್ವಭಾವವಿದೆ.

"ಡಿಫೆನ್ಸ್ ಛಲೋ ಅದ, ಗೋಲಿ ಛಲೋ ಇದ್ದಾನ. ಹೊಡ್ಯಾಂವ ಒಬ್ಬ ಇಲ್ಲ. ಅದಕ್ಕ ಬರೀ ಹೊಡ್ಯಾದು ಕಲಸಾಕ ಇಬ್ಬರು ಹೊಸ ಕೋಚ್ ಬರ್ಲಿಕತ್ತಾರ. ದಾಳಿ ಕೋಚ್."

"ಇಬ್ಬರ್ಯಾಕ್ರಿ?" ಎಂದರು ಗಾರ್ಡ್ ಸಾಹೇಬರು.

"ಎಡಗಾಲಿಗಿ ಒಬ್ಬ, ಬಲಗಾಲಿಗಿ ಒಬ್ಬ ಅಂತ ತಿಳ್ಕೊರ್ರಿ."

ಆ ಸಂಜೆಯೇ ಇಬ್ಬರ ಫೋಟೋ ನಮ್ಮ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಬಂತು. ಒಬ್ಬರು ಗಡಿಯಾಚೆ ತಾಂಡೂರಿನ ಕಡೆಯವರು. ಅವರಿಗೆ ಫುಟ್‌ಬಾಲ್ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಇನ್ನೊಬ್ಬನಿಗೆ ಕನ್ನಡ ಬರುತ್ತಿತ್ತು, ಫುಟ್‌ಬಾಲ್ ಬರುತ್ತಿರಲಿಲ್ಲ. ಈ ಎರಡನೆಯವನು ನನ್ನ ಹೆಂಡತಿಯ ತಮ್ಮ.

ಕುಡಿಯುತ್ತಿದ್ದ ಚಾ ನೆತ್ತಿಗೇರಿತು. ನನ್ನ ಭಾವಮೈದ ಸುಲೇಪೇಟದವನು, ಕಬಡ್ಡಿ ಆಟಗಾರ. ಚಿಂಚೋಳಿ ತಾಲೂಕಿನಲ್ಲಿ ಅವನು ದಾಳಿಗೆ ಹೋದರೆ ಎದುರಿನವರು ಮೊದಲೇ ಪಾಳಿ ಹಚ್ಚಿ ಔಟಾಗುತ್ತಿದ್ದರು ಎಂದು ಅವನ ಅಕ್ಕ ಹೇಳುತ್ತಾಳೆ. ಅದರಲ್ಲಿ ಅರ್ಧ ಸುಳ್ಳೆಂದರೂ ಉಳಿದರ್ಧ ನಾನೇ ಕಣ್ಣಾರೆ ಕಂಡದ್ದು. ಮೊಣಕಾಲು ಹೋದ ಮೇಲೆ ಆಟ ಬಿಟ್ಟು ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತಿದ್ದ. ನಮ್ಮ ಅಧ್ಯಕ್ಷರು ಯಾವಾಗಲೋ ಸುಲೇಪೇಟದಲ್ಲಿ ಅವನು ನಾಲ್ಕು ಜನರನ್ನು ಎಳೆದುಕೊಂಡು ಗೆರೆ ಮುಟ್ಟಿದ್ದನ್ನು ನೋಡಿದ್ದರಂತೆ.

"ದಾಳಿ ಗೊತ್ತದ ಅಂವಗ. ಚಂಡು ಏನು, ಆಮ್ಯಾಗ ಕಲೀತಾನ ತಗೋರಿ" ಎಂದರು.

ಗುಂಪಿನಲ್ಲಿ ಅಭಿಮಾನಿಗಳ ಪ್ರತಿಕ್ರಿಯೆ ಹರಿದು ಬಂತು. ಖೋಖೋದವನೊಬ್ಬ ಬಂದರೆ ತಂಡ ಪೂರ್ತಿಯಾಯಿತು ಎಂದು ಒಬ್ಬ ಬರೆದ. ಗೋಲಿಗೆ ಕುಸ್ತಿ ಪೈಲ್ವಾನನನ್ನು ಹಚ್ಚಿರಿ ಎಂದು ಇನ್ನೊಬ್ಬ. ಸೇಡಂನಲ್ಲಿ ನೌಕರಿ ಮಾಡುವ ನಮ್ಮೂರಿನವನೊಬ್ಬ, ತಾನು ಇನ್ನು ಮುಂದೆ ಸೇಡಂ ತಂಡದ ಕಡೆ ಎಂದು ಘೋಷಿಸಿ ಗುಂಪು ಬಿಟ್ಟು ಹೋದ, ಮರುದಿನ ಬೆಳಿಗ್ಗೆ ಯಾರೂ ಕರೆಯದೆ ತಿರುಗಿ ಬಂದ. ಕಲ್ಲು ಪಾಲಿಶ್ ಮಾಡುವ ಮಷಿನ್ನಿನ ಮಾಲೀಕ ನನ್ನ ಪಕ್ಕದ ಫರಶಿಯವನು. ಅವನು ಮಾತ್ರ ನನಗೆ ಬೇರೆಯಾಗಿ ಫೋನ್ ಮಾಡಿದ.

"ನಿನ್ನ ವಶೀಲಿ ಏನರ ಅದ ಏನು ಇದರಾಗ?"

"ನನ್ನ ವಶೀಲಿ ನಡೀತಿದ್ದರ ನಾ ನನ್ನ ಮನ್ಯಾಗ ಮೊದಲು ನಡಸ್ತಿದ್ದೆ" ಎಂದೆ.

ಭಾವಮೈದ ಒಂದು ಬ್ಯಾಗು, ಒಂದು ಸೀಟಿ ಮತ್ತು ಮೊಣಕಾಲಿನ ಪಟ್ಟಿಯೊಂದಿಗೆ ನಮ್ಮ ಮನೆಗೆ ಬಂದಿಳಿದ. ನನ್ನ ಮಂಚ ಅವನದಾಯಿತು. ನಾನು ಮೋಟರ್ ವೈಂಡಿಂಗ್ ಮಾಡುವವನು. ದಿನವೆಲ್ಲ ಸುಟ್ಟ ಪಂಪಿನ ಮುಂದೆ ಬಗ್ಗಿ ಕೂತವನಿಗೆ ಮಂಚದ ಬೆಲೆ ಗೊತ್ತಿರುತ್ತದೆ. ಆದರೂ ಹುಡುಗ ಕೆಟ್ಟವನಲ್ಲ. ಬೆಳಿಗ್ಗೆ ನಾಲ್ಕು ರೊಟ್ಟಿ ಪುಂಡಿಪಲ್ಯ ತಿಂದು, ಮೊಬೈಲಿನಲ್ಲಿ ಫುಟ್‌ಬಾಲ್ ನಿಯಮ ಓದುತ್ತ ಕೂಡುತ್ತಿದ್ದ. ಆಫ್‌ಸೈಡ್ ಎಂದರೇನು ಎಂದು ನನ್ನನ್ನೇ ಕೇಳಿದ. ಅದು ಯಾರಿಗೂ ಗೊತ್ತಿಲ್ಲ, ರೆಫರಿ ಹೇಳಿದಾಗ ಜಗಳ ತೆಗೆಯಬೇಕು ಅಷ್ಟೇ ಎಂದೆ. ಅದನ್ನೂ ಗಂಭೀರವಾಗಿ ತಲೆಯಾಡಿಸಿ ಕೇಳಿಕೊಂಡ.

"ಮಾಮಾ, ದಾಳಿ ಅಂದ್ರ ದಾಳೀನೇ" ಎನ್ನುತ್ತಿದ್ದ. "ಎದುರಿನವರ ಮನ್ಯಾಗ ಹೋಗಾದು, ಕೆಲ್ಸ ಮುಗ್ಸಾದು, ತಿರುಗಿ ಬರಾದು."

"ತಿರುಗಿ ಬರಾದು ಫುಟ್‌ಬಾಲ್‌ನ್ಯಾಗ ಇಲ್ಲೋ ಯಪ್ಪಾ."

"ಅದನ್ನ ನೋಡೂಣು" ಎಂದ.

ಹೆಂಡತಿ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅವನು ಹೊರಗೆ ಹೋದ ಮೇಲೆ ನನ್ನ ಎದುರಿಗೆ ಬಂದು ಕೂತಳು.

"ಅಂವಗ ನಗಬ್ಯಾಡ್ರಿ. ಅಧ್ಯಕ್ಷರು ಏನ್ ಹೇಳ್ಯಾರ ಗೊತ್ತದಲ್ಲ? ಸೀಸನ್ ಮುಗ್ಯಾದ್ರಾಗ ಅಂವ ಕಲ್ಸಿದ್ದರಿಂದ ಒಂದು ಗೋಲ್ ಬಂದ್ರ ಇರ್ತಾನ. ಇಲ್ಲಂದ್ರ ಅಂಗಡಿಗಿ ವಾಪಸ್. ತಕ್ಕಡಿ ಹಿಡ್ಕೊಂಡು ಕುಂತ್ರ ಅಂವ ಒಣಗಿ ಹೋಗ್ತಾನ್ರಿ. ಹಬ್ಬಕ್ಕ ಹೋದಾಗ ನೋಡೀನಿ. ಗಿರಾಕಿ ಬಂದ್ರೂ ತಲಿ ಎತ್ತಂಗಿಲ್ಲ."

ಆಟದಲ್ಲಿ ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವನು ಬೆಲ್ಲ ತೂಗುವಾಗ ತಲೆ ಎತ್ತುವುದಿಲ್ಲ ಎಂದರೆ ನನಗೂ ಕೆಟ್ಟೆನಿಸಿತು. ನನ್ನ ಮಂಚ ಹೋದರೂ ಹೋಗಲಿ, ಹುಡುಗ ಉಳಿಯಲಿ ಎಂದು ಖರೇ ಮನಸ್ಸಿನಿಂದ ಅಂದುಕೊಂಡೆ.

ತಾಂಡೂರಿನ ಕೋಚ್ ತಂಗಿಯ ಮದುವೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಅಲ್ಲಿಗೆ ನಮ್ಮ ತಂಡದ ಎರಡೂ ಕಾಲು ಭಾವಮೈದನ ಪಾಲಿಗೆ ಬಂದವು. ಅವನು ಮುಂದಿನ ಸಾಲಿನ ಹುಡುಗರನ್ನು ತನ್ನ ಊರ ಕಡೆಯ ಚಂದ್ರಂಪಳ್ಳಿ ಡ್ಯಾಮಿಗೆ ಕರೆದೊಯ್ದು ಕೊರಳಮಟ್ಟದ ನೀರಿನಲ್ಲಿ ನಿಲ್ಲಿಸಿ ದಮ್ಮು ಹಿಡಿಸಿದ. ಚೆಂಡು ಒಯ್ಯುವುದನ್ನೇ ಮರೆತಿದ್ದ. ಮೈದಾನದಲ್ಲಿ ಅವರು ಓಡುವಾಗ ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನಬೇಕು ಎಂದು ಕಲಿಸಿದ. ದಮ್ಮು ಒಂದೇ ಹದದಲ್ಲಿರುತ್ತದೆ, ಎದೆ ಹಾರುವುದಿಲ್ಲ ಎನ್ನುವುದು ಅವನ ವಾದ. ನಮ್ಮ ಹುಡುಗರು ಹೇಳಿದ್ದನ್ನು ಕೇಳುವವರು. ಅಷ್ಟು ವರ್ಷ ಯಾರೂ ಏನೂ ಹೇಳಿರಲಿಲ್ಲ ಎಂಬುದೇ ಅವರ ತೊಂದರೆಯಾಗಿತ್ತು.

ಹೊಸ ದಾಳಿಯ ಮೊದಲ ಆಟ ಚಿತ್ತಾಪುರದವರ ಮೇಲೆ, ನಮ್ಮ ಮೈದಾನದಲ್ಲಿ. ಫರಶಿಯ ಮೇಲೆ ಒಂದೂ ಜಾಗ ಖಾಲಿ ಇರಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಪಾಲಿಶ್ ಮಷಿನ್ನಿನಲ್ಲಿ ಕೆಲಸ ಮಾಡುವ ಉದ್ದಕಾಲಿನವನೊಬ್ಬನಿದ್ದಾನೆ. ಅವನಿಗೆ ಚೆಂಡು ಸಿಕ್ಕಿತು. ಕಬಡ್ಡಿ ಕಬಡ್ಡಿ ಎನ್ನುತ್ತ ಓಡಿದ. ಚಿತ್ತಾಪುರದವರಿಗೆ ನಗೆ ತಡೆಯಲಾಗದೆ ದಾರಿ ಬಿಟ್ಟರು. ನಾವು ಎದ್ದು ನಿಂತೆವು. ಅವನು ಗೋಲಿನ ಮುಂದಿನ ಗೆರೆ ದಾಟಿದ, ಅಡ್ಡ ಬಂದ ಧಡಿಯನ ಭುಜವನ್ನು ಕೈಯಿಂದ ಮುಟ್ಟಿದ, ಮುಟ್ಟಿ ಚೆಂಡನ್ನು ಅಲ್ಲೇ ಬಿಟ್ಟು ಗರ್ರನೆ ತಿರುಗಿ ನಡುಗೆರೆಯವರೆಗೆ ಓಡಿ ಬಂದು ಎರಡೂ ಕೈ ಮೇಲೆತ್ತಿದ.

ರೆಫರಿ ಕಿಸೆಯಿಂದ ಕಾರ್ಡು ತೆಗೆದು, ಯಾವ ತಪ್ಪಿಗೆಂದು ತಿಳಿಯದೆ ಒಳಗಿಟ್ಟುಕೊಂಡರು. ಚಿತ್ತಾಪುರದ ಗೋಲಿ ಮೆಲ್ಲಗೆ ನಡೆದುಬಂದು, ಯಾರದೋ ಮನೆಯ ಕೂಸನ್ನು ಎತ್ತಿಕೊಳ್ಳುವಂತೆ ಚೆಂಡು ಎತ್ತಿಕೊಂಡ. ಗಾರ್ಡ್ ಸಾಹೇಬರು ತಿರುಗಿ ಕೂತರು. ಪಾಲಿಶ್ ಮಾಲೀಕ ತಿರುಗಿದ. ಅಧ್ಯಕ್ಷರು ಕೂಡ, ತಮ್ಮ ಆಯ್ಕೆಯ ಮೇಲೆ ತಾವೇ ಮುನಿಸಿಕೊಂಡು, ತಿರುಗಿದರು. ಸಾಲಿಗೆ ಸಾಲೇ ಹಳಿಯ ಕಡೆ ಹೊರಳಿತು. ನಾನೂ ತಿರುಗಿದೆ. ಮರ್ಯಾದೆಯ ಪ್ರಶ್ನೆ.

ಅಂದು ಸಂಜೆ ಚಾದಂಗಡಿಯಲ್ಲಿ ಫರಶಿಯವರ ಸಭೆ ಸೇರಿತು. ಈ ಕಬಡ್ಡಿಯವನು ಹೋಗುವವರೆಗೆ ನಮ್ಮ ಮೈದಾನದ ಪ್ರತಿ ಆಟಕ್ಕೂ ಮೊದಲ ಸೀಟಿಗೂ ಮುಂಚೆಯೇ ತಿರುಗಿ ಕೂಡಬೇಕೆಂದು ತೀರ್ಮಾನವಾಯಿತು. ಹಾಗಾದರೆ ಮೈದಾನಕ್ಕೆ ಬರುವುದಾದರೂ ಯಾಕೆ ಎಂದು ನಾನು ಕೇಳಿದೆ.

"ಬರಲಿಲ್ಲಂದ್ರ ಅಂವಗ ನಮ್ಮ ಸಿಟ್ಟು ಹ್ಯಾಂಗ ಕಾಣಬೇಕು?" ಎಂದರು ಗಾರ್ಡ್ ಸಾಹೇಬರು.

ಹೀಗಾಗಿ ಸೇಡಂನವರು ಬಂದರು, ನಾವು ಗೂಡ್ಸ್ ಗಾಡಿ ನೋಡಿದೆವು. ಚಿಂಚೋಳಿಯವರು ಬಂದರು, ಮತ್ತೆ ಗೂಡ್ಸ್ ಗಾಡಿಯನ್ನೇ ನೋಡಿದೆವು. ಒಂದು ಆಟ ಸೊನ್ನೆ ಸೊನ್ನೆ ಆಯಿತು, ಅದನ್ನು ಕೇಳಲು ಏನೂ ಇರಲಿಲ್ಲ. ಬೆನ್ನ ಹಿಂದೆ ಕಬಡ್ಡಿ ಕಬಡ್ಡಿ ಎನ್ನುವ ಗುನುಗು ಮಾತ್ರ ಹತ್ತಿರ ಬಂದು ದೂರ ಹೋಗುತ್ತಿತ್ತು. ಭಾವಮೈದ ಪ್ರತಿ ಆಟಕ್ಕೂ ಮುಂಚೆ ನಮ್ಮ ಬೆನ್ನುಗಳ ಸಾಲಿನ ಮುಂದೆ ಬಂದು ನಿಂತು, ನಮಸ್ಕಾರ ಮಾಡಿ ಹೋಗುತ್ತಿದ್ದನಂತೆ. ನಮಗೆ ಅದು ಕಾಣುತ್ತಿರಲಿಲ್ಲವಾಗಿ ಯಾರೂ ತಿರುಗಿ ನಮಸ್ಕರಿಸಲಿಲ್ಲ. ಇದನ್ನು ಮೈದಾನದ ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುವವನು ಹೇಳಿದ.

ಕೊನೆಯ ಆಟ ವಾಡಿಯವರ ಜೊತೆ. ಈ ಆಟದಲ್ಲಿ ಗೋಲು ಬರದಿದ್ದರೆ ಸೋಮವಾರ ಬೆಳಗಿನ ಬಸ್ಸಿಗೆ ಸುಲೇಪೇಟ ಎಂದು ಭಾವಮೈದ ಬ್ಯಾಗು ತುಂಬಿಯೇ ಇಟ್ಟಿದ್ದ. ಅವತ್ತು ಮಧ್ಯಾಹ್ನ ನನ್ನ ಹೆಂಡತಿ ತಲೆ ಬಾಚಿ, ಹಬ್ಬದ ಸೀರೆ ಉಟ್ಟು, ಡಬ್ಬಿಯಲ್ಲಿ ಚುರುಮುರಿ ಸುಸಲಾ ತುಂಬಿಕೊಂಡು ನಿಂತಳು.

"ಎಲ್ಲಿಗಿ?" ಎಂದೆ.

"ಮ್ಯಾಚಿಗಿ."

"ಹೆಣ್ಮಕ್ಕಳಿಗಿ ಅಲ್ಲಿ ಕೂಡಾಕ ಜಾಗ ಇಲ್ಲ."

"ನನ್ನ ಅಡಗಿಮನಿ ಫರಶಿ ಅದ ಅಲ್ಲ, ಅದರ ಮ್ಯಾಲ ಕೂಡ್ತೀನಿ."

ಫರಶಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಕಲ್ಲಿನ ಮೇಲೆ ಇಬ್ಬರು ಕೂತರು. ಅವಳು ಮೈದಾನದ ಕಡೆ ಮುಖ ಮಾಡಿ, ನಾನು ಹಳಿಯ ಕಡೆ ಮುಖ ಮಾಡಿ, ಬೆನ್ನಿಗೆ ಬೆನ್ನು ಹಚ್ಚಿ. ಅಕ್ಕಪಕ್ಕದವರು ನಗುತ್ತಿದ್ದರು, ನನ್ನ ಮುಖ ಬಿಸಿಯಾಗಿತ್ತು.

"ನೀವೊಬ್ಬರರ ಈಕಡಿ ತಿರುಗ್ರಿ" ಎಂದಳು ಮೆಲ್ಲಗೆ. "ಅಂವ ಇತ್ತ ನೋಡಾಕತ್ತಾನ."

"ಪದ್ಧತಿ ಅದ."

"ಪದ್ಧತಿಗಿ ಬೆಂಕಿ ಹಚ್ರಿ."

ನಾನು ತಿರುಗಲಿಲ್ಲ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಗಾರ್ಡ್ ಸಾಹೇಬರು. ಅತ್ತ ದರಿ, ಇತ್ತ ಪುಲಿ. ಹೆಂಡತಿಯ ತಮ್ಮನಿಗಾಗಿ ತಿರುಗಿದ ಎಂಬ ಹೆಸರು ಒಮ್ಮೆ ಬಂದರೆ ಚಾದಂಗಡಿಯಲ್ಲಿ ಅದು ನನ್ನ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ.

ಆಟ ಶುರುವಾಯಿತು. ಒಳಗೆ ಏನಾಗುತ್ತಿದೆ ಎಂದು ಕೇಳಿದರೆ ಅವಳು ಹೇಳಲಿಲ್ಲ. ನೋಡಲು ಮನಸ್ಸಿಲ್ಲದವರಿಗೆ ಹೇಳುವುದೇನು ಎಂದು ಸುಸಲಾ ತಿನ್ನುತ್ತ ಕೂತಳು. ನನಗೆ ಅವಳ ಬೆನ್ನೊಂದೇ ಸುದ್ದಿಯಾಯಿತು. ವಾಡಿಯವರು ಒಳಗೆ ನುಗ್ಗಿದಾಗ ಅದು ಬಿಗಿಯುತ್ತಿತ್ತು, ನಮ್ಮ ಗೋಲಿ ಹಿಡಿದಾಗ ಸಡಿಲಾಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಬೆನ್ನು ಇಷ್ಟೆಲ್ಲ ಮಾತಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊತ್ತು ಇಳಿಯುತ್ತ ಬಂತು. ಗೂಡ್ಸ್ ಗಾಡಿಯೊಂದು ನಮ್ಮ ಮುಂದೆ ಮೆಲ್ಲಗೆ ಹಾಯುತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಕಬಡ್ಡಿ ಕಬಡ್ಡಿ ಶುರುವಾಯಿತು. ಹತ್ತಿರ ಬಂತು, ವಾಡಿಯವರ ನಗೆ ಕೇಳಿಸಿತು. ಗುನುಗು ನಿಂತಿತು. ನನ್ನ ಹೆಂಡತಿಯ ಬೆನ್ನು ಕಲ್ಲಾಯಿತು. ಆಮೇಲೆ, ನಾನು ಎಂದೂ ಕೇಳಿರದ ಒಂದು ಸದ್ದು, ಒಣ ತೊಗರಿಕಟ್ಟಿಗೆಯ ಹೊರೆಯನ್ನು ನೆಲಕ್ಕೆ ಒಗೆದಂಥದ್ದು. ನಮ್ಮ ಗೋಲಿನ ಬಲೆಯದಲ್ಲ, ಆಚೆಯ ಬಲೆಯದು. ಹಾಗೆಂದು ಆಗ ತಿಳಿಯಲಿಲ್ಲ.

"ಏನೋ ಮುರದು ಬಿತ್ತು" ಎಂದ ಪಾಲಿಶ್ ಮಾಲೀಕ.

"ಕಂಬ ಇರಬೇಕು" ಎಂದರು ಗಾರ್ಡ್ ಸಾಹೇಬರು.

ನನ್ನ ಹೆಂಡತಿ ಚಂಗನೆ ಎದ್ದಳು. ಅವಳು ಎದ್ದದ್ದೇ ತಡ, ಫರಶಿ ನನ್ನ ಕಡೆ ವಾಲಿತು, ನಾನು ಜಾರಿ ಹಳಿಯ ಕಡೆಯ ಕಲ್ಲುಪುಡಿಯಲ್ಲಿ ಅಂಡೂರಿ ಬಿದ್ದೆ. ಸುಸಲಾದ ಡಬ್ಬಿ ನನ್ನ ತಲೆಯ ಮೇಲೆ ಬರಿದಾಯಿತು. ಬಿದ್ದಲ್ಲಿಂದ ನನಗೆ ಕಂಡದ್ದು ಗೂಡ್ಸ್ ಗಾಡಿಯ ಕೊನೆಯ ಡಬ್ಬಿ. ಅದರಲ್ಲಿ ನಿಂತಿದ್ದ, ಯಾವ ಊರಿನವನೋ ಗೊತ್ತಿಲ್ಲದ ಗಾರ್ಡ್ ಒಬ್ಬ ನಮ್ಮ ಮೈದಾನವನ್ನೇ ನೋಡುತ್ತ ಹಸಿರು ಬಾವುಟ ಹಿಡಿದ ಕೈಯನ್ನು ಮೇಲೆತ್ತಿ ಕುಣಿಯುತ್ತಿದ್ದ. ದಾರಿಯಲ್ಲಿ ಹೋಗುವವನ ಕಣ್ಣಿಗೂ ಗೋಲು ದಕ್ಕಿತು. ಎರಡು ಸೀಸನ್ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತ ನಮಗೆ ದಕ್ಕಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿದರು ಎನ್ನುವ ಗಾದೆಯನ್ನು ನಮ್ಮಂಥವರನ್ನು ನೋಡಿಯೇ ಮಾಡಿರಬೇಕು.

ಕೊನೆಯ ಸೀಟಿ ಊದಿದ ಮೇಲೆ ಎಲ್ಲರೂ ಪದ್ಧತಿ ಪ್ರಕಾರ ತಿರುಗಿದೆವು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಗೆದ್ದಿದ್ದೆವು. ಗಾರ್ಡ್ ಸಾಹೇಬರು ತುಟಿ ಕಚ್ಚಿಕೊಂಡು ಬಲೆಯನ್ನೇ ನೋಡುತ್ತಿದ್ದರು, ಚೆಂಡು ಇನ್ನೊಮ್ಮೆ ಹೋದೀತೇನೋ ಎಂಬಂತೆ. ಅವರ ಮುಖ ನೋಡಿ ನನಗೆ ನಿಜಕ್ಕೂ ಅಳು ಬಂತು.

ತೊಡಕು ಆಮೇಲೆ ಎದ್ದಿತು. ಗೋಲೇನೋ ಬಂತು. ಆದರೆ ಅದು ಭಾವಮೈದ ಕಲಿಸಿದ್ದರಿಂದ ಬಂತೋ, ಗಾಳಿಗೆ ಬಂತೋ ಎಂದು ಅಧ್ಯಕ್ಷರು ಕೇಳಿದರು. ಕಮಿಟಿಯವರೆಲ್ಲ ನಮ್ಮ ಸಾಲಿನಲ್ಲೇ ಹಳಿ ನೋಡುತ್ತ ಕೂತಿದ್ದವರು. ಆಟಗಾರರನ್ನು ಕೇಳಿದರೆ ಒಬ್ಬೊಬ್ಬನೂ ಗೋಲು ತನ್ನಿಂದಲೇ ಆದದ್ದೆಂದ. ಭಾವಮೈದನನ್ನು ಕೇಳುವಂತಿಲ್ಲ, ಅವನ ಹೊಟ್ಟೆಪಾಡಿನ ಮಾತು. ವಾಡಿಯವನೊಬ್ಬ ವಿಡಿಯೋ ಮಾಡುತ್ತಿದ್ದನೆಂದು ಗೊತ್ತಾಗಿ ಫೋನ್ ಮಾಡಿದೆವು. ಡಿಲೀಟ್ ಆಗಿದೆ ಎಂದ. ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಹೇಳುತ್ತಿದ್ದೆವು. ಭಜಿಯವನನ್ನು ಕೇಳಿದರೆ ಆ ಹೊತ್ತಿಗೆ ತಾನು ಬಾಣಲೆ ನೋಡುತ್ತಿದ್ದೆನೆಂದ.

"ಹಂಗಾದ್ರ ನೋಡಿದವರು ನಮ್ಮೂರಾಗ ಒಬ್ಬರೇ ಇದ್ದಾರ" ಎಂದು ಗಾರ್ಡ್ ಸಾಹೇಬರು ನನ್ನ ಕಡೆ ನೋಡಿದರು.

ಅದೇ ಸಂಜೆ, ಹೊತ್ತು ಮುಳುಗುವ ಮುನ್ನ, ಅಧ್ಯಕ್ಷರು, ಕಮಿಟಿಯವರು, ಪಾಲಿಶ್ ಮಾಲೀಕ, ಗಾರ್ಡ್ ಸಾಹೇಬರು ಎಲ್ಲ ನಮ್ಮ ಪಡಸಾಲೆಗೆ ಬಂದು ತುಂಬಿಕೊಂಡರು. ತುಂಬಿದ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. ಭಾವಮೈದ ಅಂಗಳದಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ನಮ್ಮ ಕಡೆ ನೋಡದೆ ಕೂತಿದ್ದ. ಹೆಂಡತಿ ಎಲ್ಲರಿಗೂ ಚಾ ಕೊಟ್ಟಳು, ಕಪ್ಪು ಒಳಗಿಟ್ಟು ಬಂದಳು, ಸೆರಗಿಗೆ ಕೈ ಒರೆಸಿಕೊಂಡಳು.

"ಗೋಲ್ ಹ್ಯಾಂಗಾತು ಹೇಳ್ರಿ ಅಕ್ಕೋರೆ" ಎಂದರು ಅಧ್ಯಕ್ಷರು, ಎಂದೂ ಇಲ್ಲದ ವಿನಯದಿಂದ.

"ಹೇಳ್ತೀನಿ. ಮೊದಲ ಎಲ್ಲಾರೂ ಆಕಡಿ ಗ್ವಾಡಿಗಿ ಮುಖ ಮಾಡಿ ಕುಂದ್ರಿ."

ಯಾರೂ ಅಲುಗಲಿಲ್ಲ.

"ನಿಮ್ಮದೇ ಪದ್ಧತಿ ಅಲ್ರಿ" ಎಂದಳು. "ಕುಂದ್ರಿ."

ಮೊದಲು ತಿರುಗಿದವರು ಗಾರ್ಡ್ ಸಾಹೇಬರೇ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ತಿರುಗಿದರು. ನನ್ನನ್ನೂ ಬಿಡಲಿಲ್ಲ. ನನ್ನ ಸ್ವಂತ ಮನೆಯಲ್ಲಿ, ಸ್ವಂತ ಗೋಡೆಗೆ ಮುಖ ಮಾಡಿ, ಹೋದ ವರ್ಷದ ಕ್ಯಾಲೆಂಡರಿನ ಎದುರು ಚಕ್ಕಳಮಕ್ಕಳ ಹಾಕಿ ಕೂತೆ.

"ಆ ಉದ್ದಕಾಲಿನಾಂವ ಚಂಡು ತಗೊಂಡು ಕಬಡ್ಡಿ ಕಬಡ್ಡಿ ಅನಕೋತ ಒಳಗ ಹೋದ" ಎಂದು ಶುರು ಮಾಡಿದಳು. "ವಾಡಿಯವರು ನಗಾಕತ್ತಿದ್ರು. ಅವರಿಗಿ ಗೊತ್ತದ, ಮುಟ್ಟಿ ವಾಪಸ್ ಓಡ್ತಾನ ಅಂತ. ಊರಾಗೆಲ್ಲ ಅದೇ ಮಾತಲ್ಲ. ಅಂವ ಅವರ ಪೈಕಿ ಒಬ್ಬ ಧಡಿಯಾಂವನ ತನ ಹೋದ, ಹೋಗಿ ಗಪ್ಪಂತ ಹಿಂದ ತಿರುಗಿದ. ಧಡಿಯಾಂವ ನಡದ ಮ್ಯಾಲ ಕೈ ಇಟ್ಕೊಂಡು ನಿಂತುಬಿಟ್ಟ. ಗೋಲಿ ಮುಂದ ಬಂದ, ಚಂಡು ಎತ್ಕೊಳ್ಳಾಕ ಬಗ್ಗಾಂವ ಇದ್ದ. ಈ ಸಲ ನಮ್ಮಾಂವ ಚಂಡು ಬಿಟ್ಟಿರಲಿಲ್ಲ. ಕಾಲಾಗೇ ಇಟ್ಕೊಂಡಿದ್ದ. ತಿರುಗಿದಾಂವ ತಿರುಗಿದಂಗೇ ಇನ್ನೊಂದು ಸುತ್ತು ತಿರುಗಿ, ಗೋಲಿಯ ಎಡಕ್ಕ ಹೊಡದ."

ಕ್ಯಾಲೆಂಡರಿನ ಮೇಲೆ ನನಗೆ ಆ ಉದ್ದನೆಯ ಕಾಲು ಸುತ್ತುವುದು ಕಾಣುತ್ತಿತ್ತು, ಬಲೆ ಉಬ್ಬುವುದು ಕಾಣುತ್ತಿತ್ತು.

"ಅದು ಕೋಚ್ ಕಲ್ಸಿದ್ದೇ ಅಂತ ಹ್ಯಾಂಗ ಹೇಳ್ತೀರಿ?" ಎಂದರು ಅಧ್ಯಕ್ಷರು ಗೋಡೆಗೆ.

"ಸಣ್ಣಾಂವ ಇದ್ದಾಗ ಸುಲೇಪೇಟದ ಅಂಗಳದಾಗ ನನಗ ದಿನಾ ಹಿಂಗೇ ಮಾಡ್ತಿದ್ದ. ಹೋಗ್ತೀನಕ್ಕಾ ಅಂತ ಹಿಂದ ತಿರುಗಾದು. ನಾ ನಂಬಿ ಕೈ ಸಡಲ ಬಿಟ್ಟ ಕೂಡ್ಲೇ ತಿರುಗಿ ಬಂದು ಜಡಿ ಎಳದು ಓಡಾದು. ಆ ತಿರುಗಾಟ ನಾ ಎಲ್ಲಿದ್ದರೂ ಗುರ್ತು ಹಿಡೀತೀನಿ. ಇವತ್ತು ಮೈದಾನದಾಗ ಅದನ್ನೇ ನೋಡಿದೆ. ಆ ಹುಡುಗ ಅಲ್ಲ, ನನ್ನ ತಮ್ಮನೇ ತಿರುಗಿದಂಗಾತು. ಎರಡೂ ಮೊಣಕಾಲು ಇದ್ದ ನನ್ನ ತಮ್ಮ."

ಅವಳ ದನಿ ಅಲ್ಲಿಗೆ ಒಡೆಯಿತು. ಅಧ್ಯಕ್ಷರು ಗೋಡೆಯನ್ನೇ ನೋಡುತ್ತ ತೀರ್ಪು ಹೇಳಿದರು.

"ಅಂವ ಇರ್ಲಿ. ಮುಂದಿನ ಸೀಸನ್ನೂ ಇರ್ಲಿ. ಚಂದ್ರಂಪಳ್ಳಿಗಿ ಚಂಡು ತಗೊಂಡು ಹೋಗು ಅಂತ ಹೇಳ್ರಿ, ಅಷ್ಟೇ."

ನಮ್ಮ ಬೆನ್ನ ಹಿಂದೆ ಹೊಸ್ತಿಲ ಬಳಿ ಏನೋ ಸದ್ದಾಯಿತು. ಭಾವಮೈದ ಯಾವಾಗಲೋ ಅಂಗಳದಿಂದ ಎದ್ದು ಬಂದು ನಿಂತಿದ್ದ. ತುಂಬಿದ ಬ್ಯಾಗಿನ ಜಿಪ್ಪು ಬಿಚ್ಚಿದ್ದು ಕೇಳಿತು. ಆಮೇಲೆ ನನ್ನ ಹೆಂಡತಿ ನಕ್ಕದ್ದು ಕೇಳಿತು. ಬೆಲ್ಲ ತೂಗುವಾಗ ತಲೆ ಎತ್ತದ ಹುಡುಗ ಆಗ ತಲೆ ಎತ್ತಿ ನಿಂತಿರಬೇಕು. ನಾವು ಒಬ್ಬರೂ ತಿರುಗಲಿಲ್ಲ. ಕೊನೆಯ ಸೀಟಿ ಇನ್ನೂ ಯಾರೂ ಊದಿರಲಿಲ್ಲ.

ಎಲ್ಲರೂ ಹೋದ ಮೇಲೆ ಹೆಂಡತಿಯನ್ನು ಕೇಳಿದೆ.

"ಅಧ್ಯಕ್ಷರು ಹಂಗ ಅಂದಾಗ ಅಂವನ ಮುಖ ಹ್ಯಾಂಗಿತ್ತು?"

ಅವಳು ಅಡುಗೆಮನೆಯ ಮೂಲೆಯಲ್ಲಿ ನಿಂತ ನೀರು ಬಳಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಅದನ್ನೂ ನಾನೇ ನೋಡಿ ಹೇಳಬೇಕೇನ್ರಿ?"